ಗಾಲಿಯ ಹೊಣೆ

ನನ್ನ ಮಗಳು ಕಾರು ಕೊಂಡು ಎರಡು ತಿಂಗಳು ಹನ್ನೊಂದು ದಿನವಾಗಿತ್ತು. ದಿನ ಎಣಿಸಿದ್ದು ನಾನಲ್ಲ, ಅವಳೇ. ಇಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಸಾಲದ ಕಂತು ಕಟ್ಟುವವಳೂ ಅವಳೇ. ಬಾಣಂತಿ ಕೂಸಿನ ವಯಸ್ಸು ಎಣಿಸಿದ ಹಾಗೆ ಕಾರಿನ ವಯಸ್ಸು ಎಣಿಸುತ್ತಿದ್ದಳು.

ಮುದ್ದೇಬಿಹಾಳದಲ್ಲಿ ನನ್ನ ತಂಗಿಯ ಸೊಸೆಯ ಕುಬಸ. ಸಿಂದಗಿ ಬಿಟ್ಟು ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿಗೆ ಬಂದೆವು. ಬಸವಣ್ಣನ ಗುಡಿಗೆ ಕೈಮುಗಿದು ಮುಂದೆ ಹೊರಟು ಸ್ವಲ್ಪ ದೂರ ಹೋಗಿರಬೇಕು. ಮಳೆನೀರು ತುಂಬಿದ ತಗ್ಗೊಂದರಲ್ಲಿ ಎಡಗಡೆಯ ಮುಂದಿನ ಗಾಲಿ ಧಡ್ ಎಂದಿತು. ಕಾರು ನಿಲ್ಲಲಿಲ್ಲ, ದೀಪ ಹೊತ್ತಲಿಲ್ಲ. ಮಗಳು ಹಲ್ಲು ಕಚ್ಚಿಕೊಂಡು, ನಾನು ದೇವರನ್ನು ನೆನೆದುಕೊಂಡು ಊರು ಮುಟ್ಟಿದೆವು. ಇಳಿದಾಗ ತಂಗಿಯ ಗಂಡ ಬಗ್ಗಿ ನೋಡಿ, "ಅಕ್ಕಾರ, ಟಾಯರಿಗೆ ಗಡ್ಡಿ ಎದ್ದೈತಿ ನೋಡ್ರಿ" ಎಂದರು. ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಬೊಕ್ಕೆ.

ಪಂಕ್ಚರ್ ಅಂಗಡಿಯ ಹುಡುಗ ಅದರ ಮೇಲೆ ಬೆರಳಾಡಿಸಿ ಹೇಳಿದ: "ಇದರ ಮ್ಯಾಲ ತಿರುಗಿ ಸಿಂದಗಿಗೆ ಹೋಗಬ್ಯಾಡ್ರಿ ಅಕ್ಕಾರ. ಒಳಗಿನ ದಾರ ಹರದಾವ್ರಿ. ಯಾವಾಗ ಒಡೀತೈತೋ ಹೇಳಾಕ ಬರೂದಿಲ್ಲ." ಟೈರಿನೊಳಗೆ ದಾರವಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ರಬ್ಬರಿನ ಒಳಗೆ ಸೀರೆಯ ನೇಯ್ಗೆಯ ಹಾಗೆ ಎಳೆಗಳಿದ್ದು ಗಾಳಿಯ ಒತ್ತಡ ತಡೆಯುವುದು ಅವೇ. ತಗ್ಗಿನ ಅಂಚಿಗೂ ಗಾಲಿಯ ಲೋಹಕ್ಕೂ ನಡುವೆ ಟೈರಿನ ಪಕ್ಕ ಸಿಕ್ಕಿ ಜಜ್ಜಿದರೆ ಎಳೆ ಹರಿಯುತ್ತವೆ, ಆ ಜಾಗದಲ್ಲಿ ಗಾಳಿ ರಬ್ಬರನ್ನು ಹೊರಗೆ ದೂಡುತ್ತದೆ. ಈಗಿನ ಕಾರುಗಳಿಗೆ ಚೆಂದಕ್ಕೆಂದು ದೊಡ್ಡ ಗಾಲಿ, ಗಿಡ್ಡ ಟೈರು. ಪಕ್ಕ ಗಿಡ್ಡವಾದಷ್ಟೂ ಏಟು ತಾಳುವ ಶಕ್ತಿ ಕಡಿಮೆ. ಹಿಂದೆ ಇಟ್ಟಿದ್ದ ಹೆಚ್ಚುವರಿ ಗಾಲಿ ತೆಗೆದರೆ ಅದು ಉಳಿದ ನಾಲ್ಕಕ್ಕಿಂತ ಸಣ್ಣದು, 80 ಕಿ.ಮೀ. ವೇಗ ಮೀರಬಾರದೆಂದು ಅದರ ಮೇಲೆಯೇ ಬರೆದಿತ್ತು. ಅದರ ಮೇಲೆಯೇ ಕುಂಟುತ್ತ ಮನೆಗೆ ಬಂದೆವು.

ಮುಂದಿನ ಕಥೆ ನೀವೇ ಊಹಿಸಿಕೊಳ್ಳಬಹುದು. ಕಾರು ಮಾರಿದವರು, "ಟೈರು ನಮ್ಮದಲ್ಲ, ಟೈರಿನವರನ್ನು ಕೇಳಿರಿ" ಎಂದರು. ಟೈರಿನವರು, "ಇದು ತಯಾರಿಕೆಯ ದೋಷವಲ್ಲ, ರಸ್ತೆಯ ಏಟು" ಎಂದರು. ರಸ್ತೆಯನ್ನು ಯಾರನ್ನು ಕೇಳುವುದು?

ನನಗೆ ತವರಿನ ಚಕ್ಕಡಿ ನೆನಪಾಯಿತು. ನಮ್ಮ ಈ ನಾಲ್ಕು ತಾಲೂಕುಗಳು ಗಾಲಿಯನ್ನೇ ನಂಬಿ ಬದುಕಿದವು. 1884ರಲ್ಲಿ ಹೋಟಗಿ-ಗದಗ ರೈಲು ಮಾರ್ಗ ಬಂದಾಗ ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲು ಬರಲಿಲ್ಲ. ಇಂಡಿಗೂ ಬಾಗೇವಾಡಿಗೂ ಬಂದದ್ದು ನಿಲ್ದಾಣದ ಹೆಸರಷ್ಟೇ: 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್'. ಹೆಸರಿನಲ್ಲಿ 'ರೋಡ್' ಇದ್ದರೆ ಊರು ಇನ್ನೂ ದೂರವಿದೆ, ಇಳಿದು ಚಕ್ಕಡಿ ಹತ್ತಿರಿ ಎಂದರ್ಥ. ಎರಿ ಭೂಮಿಯ ಗುಣ ನಿಮಗೆ ಗೊತ್ತೇ ಇದೆ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಂದು ಚಕ್ಕಡಿಯ ಗಾಲಿ ಅಚ್ಚಿನ ತನಕ ಹೂಳುತ್ತಿತ್ತು. ಇಂದು ಅದೇ ಮಣ್ಣು ಡಾಂಬರನ್ನು ಒಡೆಯುತ್ತದೆ.

ಹೊಸ ಗಾಲಿಗೆ ಹಳಿ ಕಟ್ಟುವ ದಿನ ಮಕ್ಕಳಿಗೆ ಜಾತ್ರೆ. ಬಡಿಗ್ಯಾರ ಕಾಕಾ ಜಾಲಿ ಕಟ್ಟಿಗೆಯ ಗಾಲಿಯನ್ನು ಸಿದ್ಧಮಾಡಿ ನೆಲದ ಮೇಲೆ ಮಲಗಿಸುತ್ತಿದ್ದ. ಕಂಬಾರರು ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದರು. ಗಾಲಿಗಿಂತ ಹಳಿಯ ಸುತ್ತಳತೆ ತುಸು ಕಡಿಮೆ; ಕಾದಾಗ ಹಿಗ್ಗಿ ಒಳಗೆ ಕೂಡುತ್ತದೆ. ಇಕ್ಕಳದಲ್ಲಿ ಹಿಡಿದು ಕೂಡಿಸಿ, ಸುತ್ತಿಗೆಯಿಂದ ಬಡಿದು, ಕೊಡಗಟ್ಟಲೆ ನೀರು ಸುರಿದರೆ ಭುಸ್ ಎಂದು ಹಬೆ ಏಳುತ್ತಿತ್ತು. ಕಬ್ಬಿಣ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಅಪ್ಪುತ್ತಿತ್ತು. ಆ ನೀರು ಹೊರುವ ಕೆಲಸ ಮಾತ್ರ ಹೆಣ್ಣುಮಕ್ಕಳದು. ಚಕ್ಕಡಿಯ ಇತಿಹಾಸದಲ್ಲಿ ಅದನ್ನು ಯಾರೂ ಬರೆದಿಟ್ಟಿಲ್ಲ.

ಆಗಲೂ ಹೊಸ ಗಾಲಿಗೆ ದೂರು ಇರುತ್ತಿತ್ತು. ಮೊದಲ ಬೇಸಿಗೆಗೇ ಕಟ್ಟಿಗೆ ಒಣಗಿ ಕುಗ್ಗಿ ಹಳಿ ಸಡಿಲಾಗಿ ಗಲಗಲ ಅನ್ನುತ್ತಿತ್ತು. ಕೆಲವರು ಗಾಲಿಯನ್ನು ರಾತ್ರಿಯೆಲ್ಲ ಹಳ್ಳದ ನೀರಿನಲ್ಲಿ ಇಡುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಅಜ್ಜ ಕಾಕಾನ ಮನೆಯ ಮುಂದೆಯೇ ನಿಂತು ಕೂಗುತ್ತಿದ್ದರು. ಕಾಕಾ ಬೈಸಿಕೊಂಡು, ಮರುದಿನ ಉಳಿ ಬಾಚಿ ಹಿಡಿದುಕೊಂಡು ಬರುತ್ತಿದ್ದ. ವರ್ಷದ ರಾಶಿಯಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ದುರಸ್ತಿಗೆ ಬೇರೆ ಹಣವಿಲ್ಲ.

ಹಳೆಯದೆಲ್ಲ ಚೆಂದ ಎಂದು ನಾನು ಹೇಳಲಾರೆ. ಮಳೆ ಹೋದ ವರ್ಷ ಕಣದಲ್ಲಿ ಅಜ್ಜನಿಗೇ ಕಾಳಿಲ್ಲದಾಗ ಕಾಕಾನಿಗೆ ಏನು ಸಿಕ್ಕಿತೋ ನಾನು ನೋಡಲಿಲ್ಲ. ಕೊಟ್ಟಷ್ಟು ತೆಗೆದುಕೊಳ್ಳಬೇಕು, ಕರೆದಾಗ ಬರಬೇಕು. ಅವನ ಮಗನೂ ಅದನ್ನೇ ಮಾಡಬೇಕು. ಆ ಮಗ ಸೋಲಾಪುರದ ಗಿರಣಿಗೆ ಹೋದಾಗ ಊರೆಲ್ಲ ಬೈದಿತು, ನಮ್ಮ ಅಜ್ಜನೂ ಬೈದರು. ಅವನು ಮಾಡಿದ್ದು ಸರಿ ಎಂದು ಇಂದು ಅನಿಸುತ್ತದೆ. ಆದರೂ ಗಾಲಿ ಮಾಡಿದವನ ಮುಖ ನಮಗೆ ಗೊತ್ತಿತ್ತು.

ಗಾಲಿಯ ಅಂಜಿಕೆ ನಮ್ಮ ಸೀಮೆಗೆ ಹೊಸದಲ್ಲ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ತನ್ನ ವಚನವೊಂದರಲ್ಲಿ ಬಂಡಿಯ ಕಡೆಗೀಲನ್ನು ತಂದಿದ್ದಾನೆ. ಅಚ್ಚಿನ ತುದಿಯಲ್ಲಿ ಗಾಲಿ ಕಳಚದಂತೆ ತಡೆಯುವ ಬೆರಳುದ್ದದ ಕೀಲು ಅದು. ದಾರಿಯಲ್ಲಿ ಬಂಡಿ ಮಗುಚಿದ್ದನ್ನು ಕಂಡವನಿಗೇ ಆ ಮಾತು ಹೊಳೆದೀತು.

ರಬ್ಬರಿನ ಕಥೆ ಬೇರೆ. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರಿನ ಕೊಳವೆ ಸುತ್ತಿದ. ಅದಕ್ಕೂ ಮೊದಲು, 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬಾತ ಇದೇ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದ, ಲೋಕ ಮರೆತಿತ್ತು. ಅದೇ 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು, ಅವನು ಕಟ್ಟಿದ ಕಾರನ್ನು ತವರಿಗೆ, ನೂರು ಕಿ.ಮೀ. ದೂರ, ಓಡಿಸಿಕೊಂಡು ಹೋದಳು. ದಾರಿಯಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳಂತೆ. ತವರಿನ ದಾರಿ ಎಂದರೆ ಹೆಣ್ಣುಮಕ್ಕಳಿಗೆ ಎಲ್ಲಿಂದ ಧೈರ್ಯ ಬರುತ್ತದೋ!

ಕಾರಿಗೆ ಗಾಳಿಯ ಟೈರು ಹಾಕಿ ಪಂದ್ಯಕ್ಕೆ ಇಳಿದವರು ಫ್ರಾನ್ಸಿನ ಮಿಶೆಲಿನ್ ಸಹೋದರರು, 1895ರಲ್ಲಿ, ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಬರುವ ಓಟದಲ್ಲಿ. ದಾರಿಯುದ್ದಕ್ಕೂ ಪಂಕ್ಚರೇ ಪಂಕ್ಚರು. ಎಂದರೆ ಹೊಸ ಕಾರಿನ ಟೈರಿನ ಗೋಳು ಕಾರಿನಷ್ಟೇ ಹಳೆಯದು. ಆದರೆ ಅವರು ಸೋರುವುದನ್ನು ತಾವೇ ಕೂತು ತೇಪೆ ಹಚ್ಚಿದರು; ಮಾಡಿದವನೂ ಓಡಿಸಿದವನೂ ಒಬ್ಬನೇ.

ಮಾಡಿದವನು, ಮಾರಿದವನು, ಓಡಿಸುವವನು ಬೇರೆಬೇರೆಯಾದ ಮೇಲೆ ಏನಾಗುತ್ತದೆ ಎಂಬುದಕ್ಕೆ 2000ದ ಅಮೆರಿಕ ನೋಡಬೇಕು. ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರಿನ ಮೇಲ್ಪದರ ಓಡುವಾಗಲೇ ಕಿತ್ತು ಬಂದು ಗಾಡಿಗಳು ಪಲ್ಟಿಯಾದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ವಾಪಸು ಕರೆದರು. ಟೈರು ಕೆಟ್ಟದ್ದು ಎಂದು ಕಾರಿನವರು, ಗಾಡಿಯ ಕಟ್ಟುವಿಕೆಯೇ ಸರಿಯಿಲ್ಲ ಎಂದು ಟೈರಿನವರು. ಸುಮಾರು ನೂರು ವರ್ಷದ ನಂಟು 2001ರಲ್ಲಿ ಮುರಿಯಿತು. ಟೈರುಗಳನ್ನು ವಾಪಸು ಕರೆದ ಮೇಲೆ ಅಲ್ಲಿ ಬಂದ ಕಾನೂನಿನಿಂದಲೇ ಟೈರಿನ ಗಾಳಿ ಇಳಿದರೆ ಹೊತ್ತುವ ಹಳದಿ ದೀಪ ಅಲ್ಲಿಯ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ನಮ್ಮ ಕಾರಿನಲ್ಲೂ ಅಂಥ ದೀಪವಿದೆ. ಅದು ಗಾಳಿ ಇಳಿದದ್ದನ್ನು ಹೇಳುತ್ತದೆ, ಪಕ್ಕ ಉಬ್ಬಿದ್ದನ್ನು ಹೇಳುವುದಿಲ್ಲ. ಅದನ್ನು ಬಗ್ಗಿ ಕಣ್ಣಿನಿಂದಲೇ ನೋಡಬೇಕು, ಎತ್ತಿನ ಗೊರಸು ನೋಡಿದ ಹಾಗೆ.

ನಮ್ಮಲ್ಲಿ 1986ರಲ್ಲಿ ಗ್ರಾಹಕರ ಸಂರಕ್ಷಣೆಗೆ ಕಾಯ್ದೆ ಬಂತು. 2019ರಲ್ಲಿ ಅದನ್ನು ಹೊಸದಾಗಿ ಬರೆದು 2020ರ ಜುಲೈಯಲ್ಲಿ ಜಾರಿಗೆ ತಂದರು. ವಸ್ತುವಿನ ದೋಷದಿಂದ ಹಾನಿಯಾದರೆ ಮಾಡಿದವರನ್ನೂ ಮಾರಿದವರನ್ನೂ ಹೊಣೆ ಮಾಡಬಹುದು. ದೂರನ್ನು ನಾವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ದೋಷವನ್ನು ತೋರಿಸಿಕೊಡುವ ಭಾರ ಮಾತ್ರ ನಮ್ಮದು. ಟೈರಿನವರು ಸುಳ್ಳು ಹೇಳಿದರೆಂದು ನಾನೂ ಹೇಳುವುದಿಲ್ಲ. ಏಟು ಬಿದ್ದದ್ದು ನಿಜ. ಆದರೆ ಈ ರಸ್ತೆಗಳ ಊರಿಗೆ ಈ ಗಿಡ್ಡ ಟೈರಿನ ಗಾಡಿಯನ್ನು ಮಾರುವಾಗ, ಇದರ ಪಕ್ಕ ಮೆತ್ತಗೆ ಎಂದು ಒಬ್ಬರೂ ಬಾಯಿಬಿಡಲಿಲ್ಲ. ನನ್ನ ತಕರಾರು ಅಷ್ಟೇ.

ಹೊಸ ಟೈರನ್ನು ಮಗಳು ತನ್ನ ಹಣದಲ್ಲೇ ಹಾಕಿಸಿದಳು. ಮುದ್ದೇಬಿಹಾಳದ ಆ ಹುಡುಗ ಕಲಿಸಿದ ಒಂದು ಪಾಠ ಉಳಿಯಿತು: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸ ಕಾರು ಕೊಳ್ಳುವಾಗ ಬಣ್ಣದ ಜೊತೆಗೆ ಅದನ್ನೂ ನೋಡಿಕೊಳ್ಳಿರಿ.

ಬೊಕ್ಕೆ ಎದ್ದ ಟೈರು ನಮ್ಮ ಪಡಸಾಲೆಯಲ್ಲಿದೆ. ಅವ್ವ ಕೋಲೂರಿಕೊಂಡು ಬಂದು ಅದನ್ನು ನೋಡಿ, "ಮಾಡಿದವರಿಗೆ ಹೇಳಿ ಕಳಿಸೀರಿಲ್ಲೋ?" ಎಂದಳು.

"ಅವರ ಊರ ಯಾವದಂತ ಗೊತ್ತಿಲ್ಲ ಆಯಿ" ಎಂದಳು ಮಗಳು. ಆಮೇಲೆ ಒದ್ದೆ ಅರಿವೆ ತಂದು ಟೈರಿನ ಕೆಸರೊರೆಸಿ, ಆ ನಾಲ್ಕು ಅಂಕಿಗಳ ಫೋಟೋ ತೆಗೆದಳು. ದೂರಿನ ಅರ್ಜಿಯನ್ನು ಇನ್ನೂ ಬರೆಯುತ್ತಿದ್ದಾಳೆ.