ಕಾಡಿನ ಬೆಂಕಿಯೂ ನೆಲಗಪ್ಪೆಯ ಜೀವವೂ

ಮಾಘ ಮಾಸ ಕಳೆಯುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬೆಟ್ಟಗಳಲ್ಲಿ ಎಲೆ ಉದುರಿ ನೆಲವೇ ಕಾಣದಂತಾಗುತ್ತದೆ. ಮಳೆಗಾಲದಲ್ಲಿ ಇರುಳಿಡೀ ಕೂಗುತ್ತಿದ್ದ ಕಪ್ಪೆಗಳ ಸುಳಿವು ಆಗ ಎಲ್ಲಿಯೂ ಇರುವುದಿಲ್ಲ. ಅವು ಸತ್ತಿಲ್ಲ. ತರಗೆಲೆಯ ಅಡಿಯಲ್ಲಿ, ಬಿದ್ದ ಮರದ ಪೊಳ್ಳಿನಲ್ಲಿ, ಮಣ್ಣಿನ ಬಿರುಕಿನಲ್ಲಿ ಮೈ ಕುಗ್ಗಿಸಿ ಮುಂದಿನ ಮಳೆಯವರೆಗೆ ಕಾಲ ಕಳೆಯುತ್ತವೆ. ಕಪ್ಪೆಯ ಜಾತಿಗೆ ಚರ್ಮವು ಉಸಿರಾಟಕ್ಕೂ ಒದಗುವ ಅಂಗವಾಗಿದೆ. ತೇವವಿಲ್ಲದೆ ಅದು ಬಾಳಲಾರದು. ಕಾಡಿಗೆ ಬೆಂಕಿ ಬೀಳುವುದೂ ಬೆಂಕಿಯ ಭಯದಿಂದ ಗೆರೆ ಸುಡುವುದೂ ಈ ಒಣ ತಿಂಗಳುಗಳಲ್ಲಿಯೇ.

ಮಲೆನಾಡಿನಲ್ಲಿ ಬೆಂಕಿಯ ಚರಿತ್ರೆ ಹಳೆಯದು. ಕಾಡನ್ನು ಕಡಿದು ಸುಟ್ಟು, ಬೂದಿಯಲ್ಲಿ ಬೆಳೆ ತೆಗೆಯುವ ಕುಮರಿ ಬೇಸಾಯವನ್ನು 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ದನಗಳಿಗೆ ಹೊಸ ಹುಲ್ಲು ಚಿಗುರಲೆಂದು ಒಣ ಹುಲ್ಲಿಗೆ ಬೆಂಕಿ ಇಡುವ ರೂಢಿಯೂ ಇತ್ತು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಕುಮರಿಯಿಂದ ಕಾಡು ನಾಶವಾಗುವುದನ್ನು ಕಂಡು ಸರ್ಕಾರವನ್ನು ಎಚ್ಚರಿಸಿದವರಲ್ಲಿ ಒಬ್ಬನು. ಮೈಸೂರಿನಲ್ಲಿ ಅರಣ್ಯ ಇಲಾಖೆ 1864ರಲ್ಲಿ ಸ್ಥಾಪಿತವಾಯಿತು. ಇತ್ತ ಊರವರು ತಾವೇ ಕಾದುಕೊಂಡು ಬಂದ ಕಾನುಗಳೂ ಇದ್ದವು. ಸಾಗರಕ್ಕೆ ಹೊಂದಿಕೊಂಡ ಸೊರಬದ ಕಾನುಗಳ ಬಗ್ಗೆ ಬ್ರ್ಯಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ವರದಿ ಬರೆದರು.

ಕಾಡಿಗೆ ಬೆಂಕಿಯೇ ಸೋಕಬಾರದೆಂಬುದು ಆ ಕಾಲದ ಅರಣ್ಯಾಧಿಕಾರಿಗಳ ಮೊದಲ ನಿಲುವು. ಆದರೆ ವರ್ಷಗಟ್ಟಲೆ ಸಂಚಯವಾದ ಒಣ ಎಲೆಗೆ ಒಮ್ಮೆ ಕಿಡಿ ತಗಲಿದರೆ ಉರಿ ಯಾರ ಹತೋಟಿಗೂ ಸಿಗದೆಂಬುದು ಅನುಭವದಿಂದ ತಿಳಿಯಿತು. ಆದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ, ಬೇಸಿಗೆ ಬಲಿಯುವ ಮುನ್ನ ಮನುಷ್ಯರೇ ಸಣ್ಣ ಬೆಂಕಿಯಿಟ್ಟು ದೊಡ್ಡ ಬೆಂಕಿಯನ್ನು ತಡೆಯುವ ಪದ್ಧತಿ ಬಲಗೊಂಡಿತು. ಗಡಿಗುಂಟ, ರಸ್ತೆಗುಂಟ ಹುಲ್ಲನ್ನೂ ತರಗನ್ನೂ ಸುಟ್ಟು ಬರಿದುಮಾಡುವ ಬೆಂಕಿ ರೇಖೆ ಅದರ ಒಂದು ರೂಪ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿದುದನ್ನು ಕಂಡವರು ಈ ಪದ್ಧತಿಯನ್ನು ಅನಗತ್ಯವೆಂದು ಹೇಳಲಾರರು.

ಆದರೂ ಈ ಚರಿತ್ರೆಯುದ್ದಕ್ಕೂ ಲೆಕ್ಕಕ್ಕೆ ಬಂದದ್ದು ಮರ, ಹುಲ್ಲು, ದನ ಮತ್ತು ಬೆಳೆ ಮಾತ್ರ. ತರಗಿನ ಕೆಳಗಿನ ಜೀವಗಳನ್ನು ಯಾರೂ ಗಣಿಸಲಿಲ್ಲ. ಮಣ್ಣಿನ ಆಳದಲ್ಲಿ ಅಡಗಿದ ಕಪ್ಪೆ ಹಗುರವಾದ ಬೆಂಕಿಯಿಂದ ಪಾರಾಗಬಹುದು. ಎಲೆಯ ಅಡಿಯಲ್ಲಿ, ಒಣ ದಿಮ್ಮಿಯೊಳಗೆ ಇರುವುದು ಬೆಂದುಹೋಗುತ್ತದೆ. ಪಾರಾದುದಕ್ಕೂ ಮುಂದೆ ನೆರಳಿಲ್ಲ, ತೇವವಿಲ್ಲ, ತಿನ್ನಲು ಹುಳುಗಳಿಲ್ಲ. ಮೊದಲ ಮಳೆಗೆ ಬೂದಿಯೂ ಸಡಿಲ ಮಣ್ಣೂ ಹಳ್ಳಕ್ಕೆ ಇಳಿಯುತ್ತವೆ. ಜೋಗದ ಸಮೀಪದ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಿತವಾದ ಕುಂಬಾರ ಕಪ್ಪೆಯಂಥವು ಅದೇ ಹಳ್ಳಗಳನ್ನು ನಂಬಿವೆ. ಅದರ ಗಂಡು, ಮೊಟ್ಟೆಗಳ ಮೇಲೆ ಕೈಯಿಂದ ಕೆಸರು ಮೆತ್ತಿ ಕಾಪಾಡುತ್ತದೆ.

ಎಲ್ಲ ಕಾಡಿಗೂ ಒಂದೇ ಮಾತು ಅನ್ವಯಿಸದು. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಉರಿದ ಮೇಲೆ ನೆಲಗಪ್ಪೆಗಳು ಸುಟ್ಟ ಪ್ರದೇಶದ ಹೊಸ ಕೊಳಗಳಿಗೆ ಬಂದು ಮೊಟ್ಟೆಯಿಟ್ಟುದುಂಟು. ಆಫ್ರಿಕದ ಐವರಿ ಕೋಸ್ಟಿನ ಹುಲ್ಲುಗಾವಲಿನಲ್ಲಿ ಒಣಗಾಲದ ಸುಪ್ತಿಯಲ್ಲಿದ್ದ ಮರಿಗಪ್ಪೆಗಳು ಬೆಂಕಿಯ ಸದ್ದನ್ನು ಕೇಳಿಯೇ ಹಸಿರಿನ ಮರೆಗೆ ಓಡುವುದನ್ನು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅವು ಬೆಂಕಿಯೊಡನೆ ಯುಗಯುಗಗಳಿಂದ ಬಾಳಿದ ನಾಡುಗಳು. ಸದಾ ಒದ್ದೆಯಾಗಿರುವ ಕಾನು ಅಂತಹುದಲ್ಲ. ಆದರೆ ಓಡಿ ಬದುಕುವ ಆಸೆ ಎಲ್ಲ ಜೀವಕ್ಕೂ ಒಂದೇ.

ಶ್ರಾವಕಾಚಾರವನ್ನು ಬರೆದ ಆಚಾರ್ಯರು ಈ ವಿಷಯವನ್ನು ಮರೆತಿರಲಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಬರುವ ಹದಿನೈದು ಖರಕರ್ಮಗಳಲ್ಲಿ ಕಾಡಿಗೆ ಬೆಂಕಿಯಿಡುವ ದವಪ್ರದವೂ ಕೆರೆ ಬತ್ತಿಸುವ ಸರಃಶೋಷವೂ ಸೇರಿವೆ. ಕಪ್ಪೆಯ ಎರಡು ಆಶ್ರಯಗಳೂ ಅಲ್ಲಿ ಒಟ್ಟಿಗೇ ಉಲ್ಲೇಖಗೊಂಡಿವೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇನ್ನೂ ಸೂಕ್ಷ್ಮವಾಗಿ, ಬೆಂಕಿಯಿಡುವುದು ಚಟದಿಂದಲೂ ಆಗಬಹುದು, ಪುಣ್ಯಬುದ್ಧಿಯಿಂದಲೂ ಆಗಬಹುದೆಂದು ಭೇದ ಮಾಡಿ ಎರಡನ್ನೂ ದೋಷವೆಂದೇ ಎಣಿಸಿದರು. ಒಳ್ಳೆಯ ಉದ್ದೇಶವೊಂದೇ ಹಿಂಸೆಯನ್ನು ತೊಳೆಯದು ಎಂಬ ಈ ಮಾತು ಇಂದಿನ ಬೆಂಕಿ ರೇಖೆಗೂ ಸಲ್ಲುತ್ತದೆ.

ಹಾಗೆಂದು ರೇಖೆ ಸುಡುವವನನ್ನು ಸಂಕಲ್ಪಿ ಹಿಂಸೆಯ ದೋಷಿಯೆನ್ನಲಾಗದು. ಅವನು ಕಾಡನ್ನು ಉಳಿಸಹೊರಟವನು. ಪ್ರಶ್ನೆ ಪ್ರಮಾದದ್ದು. ಪ್ರಮಾದದಿಂದ ಪ್ರಾಣಹರಣವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ನೋಡಬಹುದಾದುದನ್ನು ನೋಡದೆ ಕಡ್ಡಿ ಗೀರುವುದು ಪ್ರಮಾದವೇ. ಒಂದು ಹೂವನ್ನು ಹಿಡಿದು ಜಿನಪೂಜೆಗೆ ಹೊರಟ ರಾಜಗೃಹದ ಕಪ್ಪೆಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸ್ಮರಿಸಿರುವಾಗ, ಆ ಕುಲವನ್ನು ಲೆಕ್ಕಕ್ಕಿಲ್ಲದ್ದೆಂದು ಶ್ರಾವಕನು ಹೇಳುವುದೆಂತು?

ಮಾಡಬೇಕಾದುದು ಅಸಾಧ್ಯವೇನಲ್ಲ. ಈ ಮೂರು ತಾಲ್ಲೂಕುಗಳ ಅಡಕೆ ಬೆಳೆಗಾರರು ಸೊಪ್ಪಿನ ಬೆಟ್ಟದ ತರಗನ್ನು ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ಒಯ್ಯುವುದನ್ನು ತಲೆಮಾರುಗಳಿಂದ ಬಲ್ಲರು. ರೇಖೆಯ ತರಗನ್ನೂ ಹಾಗೆಯೇ ಗುಡಿಸಿ ತೆಗೆದರೆ ಬಹಳಷ್ಟು ಕಡೆ ಸುಡುವ ಅಗತ್ಯವೇ ಬೀಳದು. ಸುಡಲೇಬೇಕಾದಲ್ಲಿ ರೇಖೆಯನ್ನು ಕಿರಿದಾಗಿಸಿ, ಬಿದ್ದ ದಿಮ್ಮಿಗಳನ್ನು ಮೊದಲು ಒಳಕಾಡಿಗೆ ಸರಿಸಿ, ಹಳ್ಳದ ದಂಡೆಯನ್ನೂ ಕಾನಿನ ಅಂಚನ್ನೂ ಬಿಟ್ಟು, ಒಂದೇ ಬದಿಯಿಂದ ನಿಧಾನವಾಗಿ ಉರಿಸಿದರೆ ಓಡಬಲ್ಲ ಜೀವಕ್ಕೆ ಒಂದು ದಾರಿಯಾದರೂ ಉಳಿಯುತ್ತದೆ. ಓಡಲಾರದ ಜೀವಕ್ಕಾಗಿ, ಕಡ್ಡಿ ಗೀರುವ ಮುನ್ನ ಒಮ್ಮೆ ತರಗನ್ನು ಕೆದಕಿ ನೋಡುವ ತಾಳ್ಮೆ ಬೇಕು.