ಕೋವಿ ಕೆಳಗಿಟ್ಟ ಮೇಲೆ

ಮಿರ್ಲೆಯ ನಮ್ಮ ಹಳೆಯ ಮನೆಯ ಪಡಸಾಲೆ ಗೋಡೆಯಲ್ಲಿ ಎರಡು ದೊಡ್ಡ ಮೊಳೆಗಳಿವೆ. ಒಂದು ಕಾಲಕ್ಕೆ ಅಲ್ಲಿ ಕಡವೆಯ ಕೊಂಬು ಇತ್ತು. ನಾನು ಹುಟ್ಟುವುದಕ್ಕೆ ಮೊದಲು ಅಪ್ಪ ಹೆಗ್ಗಡದೇವನಕೋಟೆಯ ಕಡೆ ಹೋಗಿ ಹೊಡೆದ ಕಡವೆಯದು. ಬಂದ ನೆಂಟರಿಗೆಲ್ಲ ಅಪ್ಪ ಅದರ ಕಥೆ ಹೇಳುತ್ತಿದ್ದರು. ಅವ್ವ ಮಾತ್ರ ಕಾಫಿ ಲೋಟ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಶಿಕಾರಿಗೆ ಹೋದವರು ಹಿಂದಿರುಗುವತನಕ ದೀಪ ಆರಿಸದೆ ಕೂತ ರಾತ್ರಿಗಳ ಕಥೆಯನ್ನು ಅವಳಿಂದ ಯಾರೂ ಕೇಳಲಿಲ್ಲ.

ನಮ್ಮ ಸೀಮೆಯ ಗಂಡಸರಿಗೆ ಕಾಡೆಂದರೆ ಆಗ ಪೌರುಷದ ಅಖಾಡ. ದೊಡ್ಡವರೇ ಹಾಕಿಕೊಟ್ಟ ದಾರಿಯಲ್ಲವೆ? ಕಾಕನಕೋಟೆ ಎಂದರೆ ಓದುಗರಿಗೆ ಮಾಸ್ತಿಯವರ ನಾಟಕ ನೆನಪಾಗಬಹುದು. ನಮ್ಮ ಊರಿನವರಿಗೆ ನೆನಪಾಗುತ್ತಿದ್ದುದು ಖೆಡ್ಡಾ. ಕಾಡಾನೆಗಳ ಹಿಂಡನ್ನು ಸುತ್ತುವರಿದು, ಕಬಿನಿ ಹೊಳೆಯ ಕಡೆಗೆ ಅಟ್ಟಿ, ಮರದ ದಿಮ್ಮಿಗಳ ಆವರಣದೊಳಗೆ ಕೂಡಿಹಾಕುವ ಆ ಸಾಹಸವನ್ನು ನೋಡಲು ರಾಜಕುಮಾರರು, ವೈಸ್‌ರಾಯ್‌ಗಳು ಬರುತ್ತಿದ್ದರು. ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆದಾಗ ಅಪ್ಪನೂ ಹೋಗಿದ್ದರು, ನಾನಾಗ ಕೈಗೂಸು. ಮರುವರ್ಷವೇ, ೧೯೭೨ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ೧೯೭೪ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ಬಯಲೇ ಹಿನ್ನೀರಿನಲ್ಲಿ ಮುಳುಗಿತು.

ಆ ಹಿನ್ನೀರಿನ ದಂಡೆಗೆ ಬಂದು ನೆಲೆಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಅವರು ಹುಟ್ಟಿದ್ದು ೧೯೧೬ರಲ್ಲಿ, ಬಿಹಾರದ ಗಯಾದಲ್ಲಿ. ಬಾಲ್ಯದಲ್ಲೇ ಕೋವಿ ಹಿಡಿದವರು. ಒಂಬತ್ತನೆಯ ವಯಸ್ಸಿಗೆ ಚಿರತೆ, ಹತ್ತನೆಯ ವಯಸ್ಸಿಗೆ ಹುಲಿ ಹೊಡೆದಿದ್ದರೆಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗರು ಮಗ್ಗಿ ಒಪ್ಪಿಸಲು ತಡವರಿಸುತ್ತಾರೆ! ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದರು. ೧೯೪೭ರಲ್ಲಿ ಇಂಗ್ಲಿಷರು ಹಡಗು ಹತ್ತಿದಾಗ ಅವರು ಹತ್ತಲಿಲ್ಲ; ಇಲ್ಲಿಯೇ ಉಳಿದರು.

೧೯೮೦ರಲ್ಲಿ ಕರ್ನಾಟಕ ಸರ್ಕಾರ ಟೈಗರ್ ಟಾಪ್ಸ್ ಎಂಬ ಸಂಸ್ಥೆಯೊಡನೆ ಸೇರಿ ಜಂಗಲ್ ಲಾಡ್ಜಸ್ ಸ್ಥಾಪಿಸಿತು. ಮಹಾರಾಜರ ಬೇಟೆಯ ಬಂಗಲೆಯಿದ್ದ ಕಾರಾಪುರದಲ್ಲಿ ಪ್ರವಾಸಿಗರ ವಸತಿ ಎದ್ದಿತು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ವೇಕ್‌ಫೀಲ್ಡ್ ಮುಖ್ಯರು. ಆಗ ಅವರಿಗೆ ಅರವತ್ತು ದಾಟಿತ್ತು. ನಮ್ಮ ಇಲಾಖೆಯಲ್ಲಾದರೆ ಹಾರ ಹಾಕಿಸಿಕೊಂಡು ಪಿಂಚಣಿ ಕಾಗದ ಹಿಡಿದು ಮನೆಗೆ ಹೋಗುವ ವಯಸ್ಸು. ಅವರು ಆ ವಯಸ್ಸಿನಲ್ಲಿ ಹೊಸ ಕೆಲಸ ಶುರುಮಾಡಿದರು: ಕೊಂದ ಹುಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಜನಕ್ಕೆ, ಬದುಕಿರುವ ಹುಲಿಯನ್ನು ದೂರದಿಂದ ನೋಡಿ ಸುಮ್ಮನೆ ಹಿಂದಿರುಗುವುದನ್ನು ಕಲಿಸುವ ಕೆಲಸ. ಕಬಿನಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು 'ಪಾಪಾ' ಎಂದು. ಮೂರು ದಶಕ ಅಲ್ಲಿಯೇ ಬಾಳಿ, ೨೦೧೦ರ ಏಪ್ರಿಲ್‌ನಲ್ಲಿ ತೊಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು.

ನಾನು ಅವರನ್ನು ಕಂಡವಳಲ್ಲ. ಅವರನ್ನು ದೇವರ ಪಟದಂತೆ ತೂಗುಹಾಕುವ ಇಷ್ಟವೂ ನನಗಿಲ್ಲ. ಅದೇ ಕಾಡಿನಲ್ಲಿ ಹುಟ್ಟಿ, ಆನೆಯ ಜಾಡು ಹಿಡಿದು, ಖೆಡ್ಡಾಕ್ಕೂ ಶಿಕಾರಿಗೂ ದಾರಿ ತೋರಿಸಿದ ಜೇನುಕುರುಬರಿದ್ದರು. ಕಾಡನ್ನು ಕಾಪಾಡುವ ಮಾತು ಬಂದಾಗ ಮೊದಲು ಕಾಡು ಬಿಟ್ಟು ಹೊರಬರಬೇಕಾದದ್ದು ಅವರ ಹಾಡಿಗಳೇ. ಹುಲಿ ಹೊಡೆದವರಿಗೆ ಕಾಡಿನ ದಂಡೆಯಲ್ಲಿ ಮನೆ ಸಿಕ್ಕಿತು. ಜೇನು ಕಿತ್ತವರಿಗೆ ಇದ್ದ ಮನೆ ಹೋಯಿತು. ಮಕ್ಕಳಿಗೆ ಚರಿತ್ರೆಯ ಪಾಠ ಮಾಡುವಾಗ ಈ ಎರಡನೆಯ ಮಾತನ್ನೂ ನಾನು ಸೇರಿಸಿ ಹೇಳುತ್ತಿದ್ದೆ. ಪುಸ್ತಕದಲ್ಲಿ ಅದು ಇರುತ್ತಿರಲಿಲ್ಲ.

ಆದರೂ ವೇಕ್‌ಫೀಲ್ಡರ ಬದುಕು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟದ್ದು ಅಪ್ಪನಿಂದಾಗಿ. ೨೦೦೩ರಲ್ಲಿ, ಮನೆಯಲ್ಲಿರುವ ವನ್ಯಪ್ರಾಣಿಗಳ ಕೊಂಬು, ಚರ್ಮಗಳ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕೆಂದು ನಿಯಮ ಬಂದಾಗ, ಅಪ್ಪ ಗೊಣಗುತ್ತಲೇ ಅರ್ಜಿ ಬರೆದು ಕೊಂಬನ್ನು ಅರಣ್ಯ ಇಲಾಖೆಗೆ ಒಪ್ಪಿಸಿ ಬಂದಿದ್ದರು. ಕೆಲವು ದಿನ ಆ ಬರಿಗೋಡೆಯ ಕಡೆ ನೋಡುತ್ತಲೂ ಇರಲಿಲ್ಲ. ಏಳು ವರ್ಷದ ಮೇಲೆ ವೇಕ್‌ಫೀಲ್ಡ್ ತೀರಿಕೊಂಡ ಸುದ್ದಿಯನ್ನು ನಾನು ಓದಿ ಹೇಳಿದೆ. ಅಪ್ಪನಿಗಾಗ ಎಪ್ಪತ್ತೈದು. ಬಹಳ ಹೊತ್ತು ಮಾತಾಡಲಿಲ್ಲ.

"ಹುಲಿ ಹೊಡೆದವನು ಕೊನೆಗೆ ಹುಲಿ ಕಾಯೋಕೆ ಕೂತ. ನಾನು ಕೋವಿ ಕೆಳಗಿಟ್ಟೆ, ಅಷ್ಟೇ. ಆಮೇಲೆ ಏನ್ ಮಾಡ್ದೆ ಮಗಾ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಅವ್ವ ತಲೆಯೆತ್ತದೆ ಹೇಳಿದಳು: "ನೀವು ಕೋವಿ ಇಟ್ಟ ಮೇಲೆ ನಾನು ರಾತ್ರಿ ನಿದ್ದೆ ಮಾಡ್ದೆ. ಅದೇನು ಕಮ್ಮಿಯಾ?"

ಅಪ್ಪ ನಕ್ಕರು. ಆಮೇಲೆ ಕಡವೆಯ ಕಥೆಯನ್ನು ಅವರ ಬಾಯಿಂದ ನಾನು ಕೇಳಲಿಲ್ಲ.

ಹಿಂದೆ ಮಾಡಿದ್ದನ್ನು ಯಾರೂ ಅಳಿಸಲಾರರು. ಹೊಡೆದ ಹುಲಿ ಎದ್ದು ಬರುವುದಿಲ್ಲ. ಆದರೆ ಆಯುಸ್ಸು ದೀರ್ಘವಾಗಿದ್ದರೆ ಅದರ ಉತ್ತರಾರ್ಧವನ್ನು ಬೇರೆ ಥರ ಬಾಳಲು ಅವಕಾಶವಿದೆ ಎಂಬುದನ್ನು ಆ ಮುದುಕ ತೋರಿಸಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಈಗಲೂ ಅಲ್ಲಿ ಆನೆಗಳು ಹಿಂಡುಹಿಂಡಾಗಿ ಹಸಿರು ಮೇಯಲು ಬರುತ್ತವೆ, ಅಟ್ಟುವವರಿಲ್ಲದೆ.

ನಮ್ಮ ಗೋಡೆಯ ಮೊಳೆಗಳನ್ನು ಅವ್ವ ಕೀಳಿಸಲಿಲ್ಲ. ಒಂದಕ್ಕೆ ಕ್ಯಾಲೆಂಡರ್ ತೂಗುಹಾಕಿದಳು, ಇನ್ನೊಂದಕ್ಕೆ ಅಪ್ಪನ ಛತ್ರಿ.