ಹುಲ್ಲಿಗೆ ಹುಟ್ಟಿದ್ದು, ಹೊಲಕ್ಕೆ ಹುಟ್ಟಿದ್ದು

ಮೊಬೈಲಲ್ಲಿ ಅಮೆರಿಕದ ಹುಲ್ಲು ಕತ್ತರಿಸೋ ಗಾರ್ಡನ್ ಟ್ರ್ಯಾಕ್ಟರ್ ನೋಡಿ, ನಮ್ಮ ಅಡಿಕೆ ತೋಟಕ್ಕೆ ಅದಾಗುತ್ತಾ, ಮಿನಿ ಟ್ರ್ಯಾಕ್ಟರೇ ಬೇಕಾ ಅಂತ ಮೂರ್ನಾಲ್ಕು ಜನ ಕೇಳಿದಿರಿ. ಸಾಲ ಮಾಡೋ ಮುಂಚೆ ಎರಡರ ಹುಟ್ಟು ತಿಳಕೊಳ್ಳಿ.

ಅಮೆರಿಕದಲ್ಲಿ ಮನೆ ಸುತ್ತ ಹುಲ್ಲು ಬೆಳೆಸ್ತಾರೆ. ದನಕ್ಕಲ್ಲ, ಚಂದಕ್ಕೆ! ಅಂಥವರಿಗಾಗಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಕಬ್ ಕೆಡೆಟ್ ತಂತು. 7 ಎಚ್‌ಪಿ ಪೆಟ್ರೋಲ್ ಇಂಜಿನ್, ಹೊಟ್ಟೆ ಕೆಳಗೆ ಬ್ಲೇಡು. 1963ರಲ್ಲಿ ಜಾನ್ ಡೀರ್ 110 ಬಂತು. ಹಗುರ, ನೆಲಕ್ಕೆ ತಗ್ಗು. ಸಮತಟ್ಟು ಹುಲ್ಲಿಗೆ ಬಲು ನೀಟು. ನಮ್ಮಲ್ಲಿ ಕಲ್ಲು, ಬಿದ್ದ ಸೋಗೆ ಸಿಕ್ಕಿದ್ರೆ ಮುಗೀತು.

ಮಿನಿ ಟ್ರ್ಯಾಕ್ಟರಿನ ತವರು ಜಪಾನಿನ ಪುಟ್ಟ ಹಿಡುವಳಿ. ಕುಬೋಟಾದ 21 ಎಚ್‌ಪಿ ಎಲ್200 ಅಮೆರಿಕಕ್ಕೆ ಹೋಗಿದ್ದು 1969ರಲ್ಲಿ. ಡೀಸೆಲ್ ಇಂಜಿನ್, ಹಿಂದೆ ಪಿಟಿಒ, ಎತ್ತಿ ಇಳಿಸೋ ಹೈಡ್ರಾಲಿಕ್. ಸ್ಲ್ಯಾಷರ್ ಕಟ್ಟಿದ್ರೆ ಹುಲ್ಲು, ರೋಟವೇಟರ್ ಕಟ್ಟಿದ್ರೆ ಉಳುಮೆ. 1970ರ ದಶಕದ ಕೊನೆಗೆ ಜಾನ್ ಡೀರ್ ಕೂಡ ಜಪಾನಿನ ಯಾನ್ಮಾರ್ ಹತ್ರ ಮಾಡಿಸಿ, ತನ್ನ ಹಸಿರು ಬಣ್ಣದಲ್ಲಿ ಮಾರಿತು. ಬೆಂಗಳೂರಿನ ವಿಎಸ್‌ಟಿ ಕಂಪನಿ ಮಿತ್ಸುಬಿಷಿ ಜೊತೆ ಸೇರಿ ತಂದ ಶಕ್ತಿ ಟ್ರ್ಯಾಕ್ಟರೂ ಇದೇ ಜಾತಿ.

ಅದಕ್ಕೇ ನನ್ನ ಓಟು ಮಿನಿಗೆ. ಆದ್ರೆ ಮಳೆಗಾಲದಲ್ಲಿ ತೋಟಕ್ಕೆ ಇಳಿಸಬೇಡಿ. ಭಾರಕ್ಕೆ ಹಸಿ ಮಣ್ಣು ಅಮುಕಿ ಅಡಿಕೆ ಬೇರಿಗೆ ಪೆಟ್ಟು. ಒಂದೆರಡು ಎಕರೆಯವರಿಗೆ ಹೆಗಲ ಮೇಲಿನ ವೀಡ್ ಕಟ್ಟರೇ ಸಾಕು, ಸಾಲ ಯಾಕೆ? ತಗೊಳ್ಳೋರು ಮೊದಲು ಟೇಪ್ ಹಿಡಿದು ಸಾಲಿನ ಅಂತರ ಅಳೆಯಿರಿ, ಬಸಿಗಾಲುವೆ ಬಿಟ್ಟು.